ಚೋಕ್ ಬಂದಿದ್ದು ಐದು, ಟ್ರ್ಯಾಪ್‌ಗೆ ಬೇಕಾಗಿದ್ದು ಎರಡೇ: ಬೆರೆಟ್ಟಾ ಮೊಬಿಲ್‌ಚೋಕ್ ಸೆಟ್ ಬಹಳ ಕಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ಲೇ ಶೂಟಿಂಗ್‌ಗೆ, ಅಂದರೆ ಗಾಳಿಯಲ್ಲಿ ಹಾರುವ ಬಿಲ್ಲೆಗೆ (ಕ್ಲೇ) ಗುಂಡು ಹೊಡೆಯುವ ಆಟಕ್ಕೆ ಅಂತ 12 ಬೋರ್ ಗನ್ ತಗೊಂಡವರು ಬೇರೆ ಚೋಕ್‌ಗಳಿಗೆ ದುಡ್ಡು ಸುರಿಯುವುದು ಬೇಡ. ಚೋಕ್ ಅಂದರೆ ಬ್ಯಾರಲ್ ಬಾಯಿಯನ್ನು ಚೂರು ಕಿರಿದು ಮಾಡಿ, ಛರ್ರಾ (ಕಾರ್ಟ್ರಿಜ್‌ನೊಳಗಿನ ಸಣ್ಣ ಸೀಸದ ಗುಂಡುಗಳು) ತುಂಬಾ ಹರಡದಂತೆ ಹಿಡಿಯುವ ಟ್ಯೂಬ್. ಟ್ರ್ಯಾಪ್, ಸ್ಕೀಟ್ ಎರಡೂ ಈ ಆಟದ ಬಗೆಗಳು. ಗನ್ ಜೊತೆ ಬಂದ ಸೆಟ್ ಸಾಕು. ಆ ದುಡ್ಡಿಗೆ ಕಾರ್ಟ್ರಿಜ್ ತಗೊಳ್ಳಿ.

ನನ್ನದು ಬೆರೆಟ್ಟಾ 686 ಸಿಲ್ವರ್ ಪಿಜನ್. ಮೇಲೊಂದು ಕೆಳಗೊಂದು ಬ್ಯಾರಲ್. ಬ್ಯಾರಲ್ ಬಾಯಿಗೆ ತಿರುಗಿಸಿ ಕೂರಿಸುವ ಐದು ಮೊಬಿಲ್‌ಚೋಕ್ ಜೊತೆಗೇ ಬಂದಿದ್ದವು. ಇವುಗಳ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಇರುತ್ತವೆ. ಒಂದು ಕಚ್ಚು ಇದ್ದರೆ ಫುಲ್, ಎರಡಿದ್ದರೆ ಮುಕ್ಕಾಲು, ಮೂರಕ್ಕೆ ಅರ್ಧ, ನಾಲ್ಕಕ್ಕೆ ಕಾಲು, ಐದು ಇದ್ದರೆ ಸಿಲಿಂಡರ್. ಕಚ್ಚು ಕಡಿಮೆ ಇದ್ದಷ್ಟೂ ಬಿಗಿ. ಹೊಸಬರು ಇದನ್ನು ಉಲ್ಟಾ ತಿಳಿಯುವುದೇ ಜಾಸ್ತಿ. ಗನ್ ಮಡಚಿ, ಎರಡೂ ಬ್ಯಾರಲ್ ಖಾಲಿ ಅಂತ ಕಣ್ಣಾರೆ ನೋಡಿಕೊಂಡ ಮೇಲೆ ಅಂಚಿನ ಮೇಲೆ ಉಗುರು ಆಡಿಸಿದರೆ ಯಾವ ಚೋಕ್ ಕೂತಿದೆ ಅಂತ ಗೊತ್ತಾಗುತ್ತದೆ. ಬಿಚ್ಚಿ ನೋಡುವ ಕೆಲಸವಿಲ್ಲ. ಈ ಸೆಟ್‌ನಲ್ಲಿ ನನಗೆ ಹಿಡಿಸಿದ ಮೊದಲ ವಿಷಯ ಇದು.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಷೀನ್ ಶಾಪ್ ಕೆಲಸದವನು. ಕೈಗೆ ಒಳವ್ಯಾಸ ಅಳೆಯುವ ಬೋರ್ ಗೇಜ್ ಸಿಕ್ಕ ಮೇಲೆ ಅಳೆಯದೆ ಬಿಡುವುದುಂಟೇ? 12 ಬೋರ್ ಬ್ಯಾರಲ್‌ನ ಒಳವ್ಯಾಸ ಸುಮಾರು 18.5 ಮಿ.ಮೀ. ಕಾಲು ಚೋಕ್ ಅದನ್ನು ಬಾಯಿಯ ಹತ್ತಿರ ಕಾಲು ಮಿಲಿಮೀಟರ್‌ನಷ್ಟು ಕಿರಿದು ಮಾಡುತ್ತದೆ, ಅರ್ಧ ಚೋಕ್ ಅರ್ಧ ಮಿಲಿಮೀಟರ್, ಫುಲ್ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಮುಕ್ಕಾಲು ಚೋಕ್ ಅಂದರೆ ಒಂದು ಎಟಿಎಂ ಕಾರ್ಡಿನ ದಪ್ಪ, ಅಷ್ಟೇ. ಇಲ್ಲಿ ಒಂದು ಸೂಕ್ಷ್ಮವಿದೆ. ಚೋಕ್ ಮೇಲೆ ಏನೇ ಬರೆದಿರಲಿ, ಲೆಕ್ಕಕ್ಕೆ ಬರುವುದು ಬ್ಯಾರಲ್ ವ್ಯಾಸದಿಂದ ಚೋಕ್ ವ್ಯಾಸ ಕಳೆದರೆ ಉಳಿಯುವ ಅಂತರ. ಬ್ಯಾರಲ್ 18.4 ಇದ್ದರೆ ಒಂದು ಅಂತರ, 18.6 ಇದ್ದರೆ ಇನ್ನೊಂದು. ಸ್ನೇಹಿತರೊಬ್ಬರು ಎಲ್ಲಿಂದಲೋ ತಂದ ಬೇರೆ ಕಂಪನಿಯ ‘ಅರ್ಧ’ ಚೋಕ್ ಅವರ ಬ್ಯಾರಲ್‌ಗೆ ಹೋಲಿಸಿ ಅಳೆದರೆ ಕಾಲಿಗಿಂತ ಚೂರೇ ಚೂರು ಜಾಸ್ತಿ ಇತ್ತು. ಹಾಗಂತ ಲೇತ್ ಇದೆಯಲ್ಲ ಅಂತ ಚೋಕ್ ಕೊರೆಸಲು ಹೋಗಬೇಡಿ. ತೆಳುವಾದ ಟ್ಯೂಬ್ ಅದು, ಕೂದಲೆಳೆ ಓರೆಯಾದರೂ ಛರ್ರಾ ಬೇರೆ ದಿಕ್ಕಿಗೆ ಹೋಗುತ್ತದೆ.

ಅಳತೆಗಿಂತ ಸತ್ಯ ಹೇಳುವುದು ಕಾಗದ. ದೊಡ್ಡ ಹಾಳೆಗೆ ಗುಂಡು ಹೊಡೆದು ಛರ್ರಾ ಹೇಗೆ ಹರಡುತ್ತವೆ ಅಂತ ನೋಡುವುದು. ಇದನ್ನು ಶೂಟಿಂಗ್ ರೇಂಜಿನಲ್ಲಿ, ರೇಂಜ್ ಆಫೀಸರ್ ಅನುಮತಿ ತಗೊಂಡು ಮಾಡಬೇಕು. ನಾನು ಹೆಚ್ಚಾಗಿ ಹೋಗುವುದು ಹೈದರಾಬಾದಿನ ಗಚ್ಚಿಬೌಲಿ ರೇಂಜಿಗೆ. ಅಷ್ಟು ದೂರ ಹೋಗಿ ಕಾಗದಕ್ಕೆ ಗುಂಡು ಹೊಡೆಯೋದಾ ಅಂತ ಜೊತೆಗಿದ್ದವರು ನಗುತ್ತಾರೆ. ನಗಲಿ. ಪುಸ್ತಕಕ್ಕೆ ಕವರ್ ಹಾಕುವ ಖಾಕಿ ಕಾಗದ ಮೈದಾ ಅಂಟಿನಲ್ಲಿ ಜೋಡಿಸಿ ದೊಡ್ಡ ಹಾಳೆ ಮಾಡಿಕೊಳ್ಳಿ. ನಡುವೆ ಒಂದು ಚುಕ್ಕೆ ಇಟ್ಟು ಹೊಡೆಯಿರಿ. ಆಮೇಲೆ ರಂಧ್ರ ಎಲ್ಲಿ ದಟ್ಟವಾಗಿವೆಯೋ ಅದನ್ನು ಕೇಂದ್ರ ಮಾಡಿ 30 ಇಂಚು ವ್ಯಾಸದ ಸುತ್ತು ಎಳೆಯಿರಿ. 40 ಗಜ ದೂರದಿಂದ ಹೊಡೆದರೆ ಇರುವ ಹಳೇ ಲೆಕ್ಕ ಹೀಗಿದೆ. ಸಿಲಿಂಡರ್‌ನಿಂದ ಸುತ್ತಿನೊಳಗೆ ಶೇ. 40 ಛರ್ರಾ, ಕಾಲು ಚೋಕ್‌ನಿಂದ 50, ಅರ್ಧದಿಂದ 60, ಫುಲ್‌ನಿಂದ 70. 24 ಗ್ರಾಂ ಕಾರ್ಟ್ರಿಜ್‌ನಲ್ಲಿ ಏಳೂವರೆ ನಂಬರ್ (ಇದು ಛರ್ರಾ ಗಾತ್ರ, ನಂಬರ್ ಹೆಚ್ಚಿದಷ್ಟೂ ಸಣ್ಣದು) ಛರ್ರಾ ಹತ್ತಿರ ಹತ್ತಿರ 300 ಇರುತ್ತವೆ. ಅಂದರೆ ಅರ್ಧ ಚೋಕ್‌ನಿಂದ 180 ಒಳಗೆ ಬೀಳಬೇಕು.

ಆದರೆ ಬರೀ ಎಣಿಕೆ ಸಾಲದು. ರಟ್ಟಿನಲ್ಲಿ 110 ಮಿ.ಮೀ. ಅಗಲದ ಬಿಲ್ಲೆ ಕತ್ತರಿಸಿಕೊಳ್ಳಿ. ಕ್ಲೇ ಅಗಲ ಅಷ್ಟೇ. ಅದನ್ನು ಹಾಳೆಯ ಮೇಲೆ ಇಟ್ಟು ಸುತ್ತ ಪೆನ್ಸಿಲ್ ಎಳೆದು, ಒಳಗೆ ಎಷ್ಟು ರಂಧ್ರ ಬಿದ್ದಿವೆ ನೋಡಿ. ಹಾಗೇ ಅಂಚಿನ ತನಕ ಸರಿಸುತ್ತಾ ಹೋಗಿ. ನನ್ನ ಗನ್‌ನಲ್ಲಿ ಫುಲ್ ಹಾಕಿದಾಗ ನಡುವೆ ರಂಧ್ರಗಳ ಗಿಜಿಗಿಜಿ, ಅಂಚಿನಲ್ಲಿ ಬಿಲ್ಲೆಗೆ ಒಂದೋ ಎರಡೋ. ಅರ್ಧ ಚೋಕ್‌ನಲ್ಲಿ ಅದೇ ಛರ್ರಾ ಸುತ್ತಿನ ತುಂಬಾ ಹೆಚ್ಚು ಸಮವಾಗಿ ಹರಡಿದ್ದವು. ಅಂದಹಾಗೆ ಕಾರ್ಟ್ರಿಜ್ ಬದಲಿಸಿದರೆ ಈ ಚಿತ್ರ ಪೂರ್ತಿ ಬೇರೆ. ಗಟ್ಟಿ ಸೀಸದ ಛರ್ರಾ, ಛರ್ರಾ ಹೊತ್ತೊಯ್ಯುವ ಪ್ಲಾಸ್ಟಿಕ್ ಬಟ್ಟಲಿನ ವ್ಯಾಡ್ ಇದ್ದರೆ ಪ್ಯಾಟರ್ನ್ (ಛರ್ರಾ ಹರಡುವ ರೀತಿ) ಬಿಗಿಯಾಗುತ್ತದೆ. ಮೆದು ಸೀಸ ಬ್ಯಾರಲ್‌ನಲ್ಲೇ ಚಪ್ಪಟೆಯಾಗಿ ಅಡ್ಡಾದಿಡ್ಡಿ ಹೋಗುತ್ತದೆ. ಆದ್ದರಿಂದ ನೀವು ಯಾವಾಗಲೂ ಹೊಡೆಯುವ ಕಾರ್ಟ್ರಿಜ್‌ನಲ್ಲೇ ನೋಡಿ.

ಟ್ರ್ಯಾಪ್‌ನಲ್ಲಿ ನಾವು ಕ್ಲೇ ಹಾರಿಸುವ ಕಂದಕದಿಂದ 15 ಮೀಟರ್ ಹಿಂದೆ ನಿಂತಿರುತ್ತೇವೆ. ಕ್ಲೇ ನಮ್ಮಿಂದ ದೂರಕ್ಕೇ ಓಡುತ್ತದೆ. ಮೊದಲ ಗುಂಡು ತಾಗುವಷ್ಟರಲ್ಲಿ ಅದು 30 ಮೀಟರ್ ದಾಟಿರುತ್ತದೆ. ಎರಡನೆಯದು ಇನ್ನೂ ದೂರ. ಅದಕ್ಕೇ ದೊಡ್ಡ ಮಟ್ಟದಲ್ಲಿ ಆಡುವವರು ಮೊದಲು ಹೊಡೆಯುವ ಕೆಳಗಿನ ಬ್ಯಾರಲ್‌ಗೆ ಮುಕ್ಕಾಲು, ಮೇಲಿನದಕ್ಕೆ ಫುಲ್ ಹಾಕುವುದು ರೂಢಿ. ಅವರ ಕೈ ಅಷ್ಟು ನಿಖರ. ನಮ್ಮಂಥವರಿಗೆ ಕೆಳಗೆ ಅರ್ಧ, ಮೇಲೆ ಮುಕ್ಕಾಲು ಅನ್ನುವುದೇ ನನ್ನ ಮತ. ನನ್ನ ಗನ್‌ನಲ್ಲಿ ಈಗ ಇರುವುದೂ ಅದೇ. ಫುಲ್ ಹಾಕಿ ಸರಿಯಾಗಿ ಹೊಡೆದರೆ ಕ್ಲೇ ಕಪ್ಪು ಹೊಗೆಯಾಗಿ ಹೋಗುತ್ತದೆ, ನೋಡೋಕೆ ಭಾರೀ ಚೆಂದ. ಆದರೆ ಪೂರ್ತಿ ಪುಡಿಯಾದರೂ ಒಂದೇ ಅಂಕ, ಕಣ್ಣಿಗೆ ಕಾಣುವ ಒಂದು ಚೂರು ಹಾರಿದರೂ ಒಂದೇ ಅಂಕ ಅಲ್ವಾ?

ಸ್ಕೀಟ್‌ಗೆ ಯೋಚನೆಯೇ ಬೇಡ. ಕ್ಲೇ ಅಡ್ಡ ಹಾಯುವುದು ಹೆಚ್ಚೆಂದರೆ 20 ಮೀಟರ್ ಆಚೀಚೆ. ಐದು ಕಚ್ಚಿನ ಸಿಲಿಂಡರ್, ಇನ್ನೊಂದು ಬ್ಯಾರಲ್‌ಗೆ ಕಾಲು, 9 ನಂಬರ್ ಛರ್ರಾ, ಮುಗೀತು.

ಊರಲ್ಲಿ ಗನ್ ಸುದ್ದಿ ಬಂದರೆ ‘ರಾಥೋಡ್ ಸಾಹೇಬ್ರು ಹೊಡೆದ ಆಟನಾ?’ ಅಂತ ಕೇಳುತ್ತಾರೆ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು ಡಬಲ್ ಟ್ರ್ಯಾಪ್‌ನಲ್ಲಿ. ಅದರಲ್ಲಿ ಎರಡು ಕ್ಲೇ ಒಟ್ಟಿಗೆ ಹಾರುತ್ತವೆ. ಎರಡನೆಯದನ್ನು ಹೊಡೆಯುವಷ್ಟರಲ್ಲಿ ಅದು ದೂರ ಹೋಗಿರುತ್ತದೆ. ಹಾಗಾಗಿ ಒಂದು ಬ್ಯಾರಲ್ ಸಡಿಲ, ಒಂದು ಬಿಗಿ ಇರುವುದರ ಉಪಯೋಗ ಅಲ್ಲಿ ಎದ್ದು ಕಾಣುತ್ತಿತ್ತು. ಈಗ ಒಲಿಂಪಿಕ್ಸ್‌ನಲ್ಲಿ ಆ ಆಟ ಇಲ್ಲ.

ಬಾಳಿಕೆ ಬಗ್ಗೆ ದೂರಿಲ್ಲ. ಆದರೆ ಬೆಳಗಾವಿ ಮಳೆಗಾಲ ಗೊತ್ತಲ್ಲ. ಜೂನ್‌ನಿಂದ ಜಿಟಿಜಿಟಿ ಶುರುವಾದರೆ ಬೀರುವಿನೊಳಗಿನ ಬಟ್ಟೆಗೂ ಬೂಸು ಬರುತ್ತದೆ. ಚೋಕ್ ಬ್ಯಾರಲ್‌ನಲ್ಲೇ ಬಿಟ್ಟರೆ ಥ್ರೆಡ್ ಹಿಡಿದುಕೊಳ್ಳುವುದು ಗ್ಯಾರಂಟಿ. ಪರಿಚಯದವರ ಗನ್‌ನಲ್ಲಿ ಹೀಗೇ ಆಗಿ, ಲೈಸೆನ್ಸ್ ಇರುವ ಗನ್ ರಿಪೇರಿಯವರ ಹತ್ತಿರ ಒಯ್ಯಬೇಕಾಯಿತು. ನಾನು ರೇಂಜಿನಿಂದ ಬಂದ ದಿನವೇ ಬಿಚ್ಚಿ, ಹಳೇ ಟೂತ್‌ಬ್ರಷ್‌ನಿಂದ ಥ್ರೆಡ್ ಉಜ್ಜಿ, ತೆಳುವಾಗಿ ಗ್ರೀಸ್ ಸವರುತ್ತೇನೆ. ಒಳಗೆ ಪ್ಲಾಸ್ಟಿಕ್ ಕರಗಿ ಕೂತ ಬೂದು ಪದರ ಇರುತ್ತದೆ, ಹಿತ್ತಾಳೆ ಬ್ರಷ್ ಹಾಕಿದರೆ ಹೋಗುತ್ತದೆ. ಚುನಾವಣೆ ಬಂದು ಗನ್ ಠಾಣೆಗೆ ಜಮಾ ಮಾಡುವ ಪ್ರಸಂಗ ಬಂದರೆ ಹಿಂದಿನ ದಿನ ಇದನ್ನು ತಪ್ಪದೆ ಮಾಡಿ. ಖಂಡೇ ಪೂಜೆಗೆ ಕುಂಕುಮ ಹಚ್ಚುವಾಗ ಬ್ಯಾರಲ್ ಬಾಯಿ ಬಿಟ್ಟು ಹಿಡಿಕೆಗೆ ಹಚ್ಚಿ ಅಂತ ಅವ್ವನಿಗೆ ಹೇಳಿದ್ದೇನೆ. ಕೇಳುವುದಿಲ್ಲ.

ಹೊಡೆಯುತ್ತಾ ಹೊಡೆಯುತ್ತಾ ಚೋಕ್ ಸಡಿಲವಾಗುವುದುಂಟು. 25 ಕ್ಲೇ ರೌಂಡ್ ಮುಗಿದಾಗ ಒಮ್ಮೆ ಖಾಲಿ ಗನ್‌ನಲ್ಲಿ ಚೋಕ್ ತಿರುಗಿಸುವ ಕೀ ಹಾಕಿ ನೋಡಿ. ಚೋಕ್ ಇಲ್ಲದೆ ಗುಂಡು ಹಾರಿಸಲೇಬೇಡಿ, ಬ್ಯಾರಲ್‌ನ ಥ್ರೆಡ್ ಹಾಳಾಗುತ್ತದೆ.

ಹಳೇ ಸೆಟ್ ಯಾರಾದರೂ ಮಾರುತ್ತಿದ್ದರೆ ‘ಬೆರೆಟ್ಟಾದು’ ಅಂದ ಮಾತ್ರಕ್ಕೆ ತಗೊಳ್ಳಬೇಡಿ. ಮೊಬಿಲ್‌ಚೋಕ್ ಬೇರೆ, ಆಪ್ಟಿಮಾ ಚೋಕ್ ಬೇರೆ, ಆಪ್ಟಿಮಾ ಎಚ್‌ಪಿ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಿಮ್ಮ ಗನ್‌ಗೆ ಯಾವುದು ಅಂತ ಕೈಪಿಡಿಯಲ್ಲಿ ನೋಡಿಕೊಂಡು, ಆಮೇಲೆ ರೇಟ್ ಮಾತಾಡಿ.