ಸ್ಪೋಕ್ ವೀಲ್ ಕಟ್ಟಿಸೋರು ದಯವಿಟ್ಟು ಓದಿ: ನನ್ನ ಒಳ್ಳೇ ರಿಮ್ ಹೋಯ್ತು, ಬಂದಿದ್ದು ತುಕ್ಕು

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆಯೋಕೆ ನಾಚಿಕೆನೂ ಆಗ್ತಿದೆ, ಯಾಕಂದ್ರೆ ಆಫೀಸಲ್ಲಿ ಇಬ್ಬರಿಗೆ ಇದೇ ಅಂಗಡಿಗೆ ಹೋಗಿ ಅಂತ ಹೇಳಿದ್ದು ನಾನೇ. ಅವರು ದುಡ್ಡು ಕಟ್ಟೋ ಮುಂಚೆ ಇದನ್ನ ಓದಲಿ ಅಂತ ಬರೀತಿದೀನಿ.

ನನ್ನ ಬೈಕ್ 2018ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಮುಂದೆ 21 ಇಂಚು, ಹಿಂದೆ 17, ಎರಡೂ ಸ್ಪೋಕ್ (ಕಡ್ಡಿ) ಚಕ್ರ, ಒಳಗೆ ಟ್ಯೂಬ್. ಪಂಕ್ಚರ್ ಆದ್ರೆ ಚಕ್ರಾನೇ ಬಿಚ್ಚಬೇಕು, ಘಾಟಿಯಲ್ಲಿ ಆ ಪಾಡು ಪಟ್ಟೋರಿಗೆ ಗೊತ್ತು. ಹಿಂದಿನ ರಿಮ್ ಹೊಂಡಕ್ಕೆ ಬಿದ್ದು ಬೆಂಡ್ ಆಗಿತ್ತು. ಮುಂದಿನದಕ್ಕೆ ಏನೂ ಆಗಿರಲಿಲ್ಲ, ಕಂಪನಿಯಿಂದ ಬಂದ ಹಾಗೇ ಇತ್ತು. ಹೇಗೂ ಖರ್ಚು ಮಾಡ್ತಿದೀನಿ, ಎರಡೂ ಒಟ್ಟಿಗೆ ಮಾಡಿಸಿಬಿಡೋಣ ಅಂತ ಬೆಂಗಳೂರಿನ ಒಂದು ಅಂಗಡಿಗೆ ಬಿಟ್ಟೆ. ಮಾತಾಗಿದ್ದು ಹೊಸ ಅಲ್ಯೂಮಿನಿಯಂ ರಿಮ್, ಸ್ಟೇನ್‌ಲೆಸ್ ಸ್ಟೀಲ್ ಸ್ಪೋಕ್, ಒಳಗೆ ಸೀಲ್ ಮಾಡಿ ಟ್ಯೂಬ್‌ಲೆಸ್. 24 ಸಾವಿರ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರತ್ತೆ ಸರ್, ಸುಮ್ನೆ ಯಾಕೆ" ಅಂದ. ಸರಿ ಅಂದುಬಿಟ್ಟೆ. ಪೂರ್ತಿ ದುಡ್ಡು ಫೋನಲ್ಲೇ ಕಳಿಸಿದೆ.

ಟೈರ್ ಹಾಕೋ ಮುಂಚೆ ಕರೀರಿ, ರಿಮ್ ನೋಡ್ತೀನಿ ಅಂತ ಎರಡು ಸಲ ಹೇಳಿದ್ದೆ. ಕರೀಲಿಲ್ಲ. ಶುಕ್ರವಾರ ಸಂಜೆ "ರೆಡಿ ಇದೆ ಸರ್, ಬನ್ನಿ" ಅಂತ ಫೋನ್. ಹೋದ್ರೆ ಟೈರ್ ಹಾಕಿ, ಗಾಡಿಗೆ ಕೂರಿಸಿ, ತೊಳೆದು ನಿಲ್ಲಿಸಿದಾನೆ. ಕಪ್ಪು ಪೇಂಟ್ ಪಳಪಳ. ಹಳೇ ರಿಮ್ ಎಲ್ಲಿ ಅಂದೆ. "ಸ್ಕ್ರ್ಯಾಪ್‌ಗೆ ಹೋಯ್ತು ಸರ್." ಅಲ್ಲೇ ನಂಗೆ ತಟ್ಟಬೇಕಿತ್ತು. ಮುಂದಿನ ರಿಮ್ ಸ್ಕ್ರ್ಯಾಪ್ ಯಾಕಾಗತ್ತೆ? ಅದು ಚೆನ್ನಾಗಿತ್ತಲ್ಲ! ಕೇಳಲಿಲ್ಲ. ಪಳಪಳ ನೋಡ್ತಾ ನಿಂತಿದ್ದೆ.

ಮೂರು ವಾರಕ್ಕೆ ಧರ್ಮಸ್ಥಳಕ್ಕೆ ಹೊರಟ್ವಿ, ಹಿಂದೆ ಹೆಂಡತಿ. ಬೇಲೂರು ದಾಟಿದ ಮೇಲೆ 70ರಲ್ಲಿ ಹಿಂದಿನ ಚಕ್ರ ಸೊಂಟ ಆಡಿಸೋಕೆ ಶುರು ಮಾಡ್ತು. ಮಳೆ, ರಸ್ತೆ ಸರಿಯಿಲ್ಲ ಅಂದ್ಕೊಂಡೆ. ಮೂಡಿಗೆರೆ ಕಳೆದು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಗಾಳಿ ಚೆಕ್ ಮಾಡಿಸಿದ್ರೆ 14. ಬೆಳಿಗ್ಗೆ 32 ಹಾಕಿಸಿದ್ದು. ಇನ್ನೊಂದು ಸ್ವಲ್ಪ ಮುಂದೆ ಹೋಗಿದ್ರೆ ಚಾರ್ಮಾಡಿ ಇಳಿಜಾರು. ಇಬ್ಬರು ಕೂತು, ಮಳೆಯಲ್ಲಿ. ಇದನ್ನ ಬರೀವಾಗ್ಲೂ ಕೈ ನಡುಗತ್ತೆ.

ಅಲ್ಲಿನ ಪಂಕ್ಚರ್ ಅಂಗಡಿಯವರು ಟೈರ್ ಬಿಚ್ಚೋ ಮುಂಚೆನೇ ಸ್ಪ್ಯಾನರ್‌ನಲ್ಲಿ ಒಂದೊಂದೇ ಸ್ಪೋಕ್ ತಟ್ಟುತ್ತಾ ಬಂದ್ರು. ಬಿಗಿ ಇದ್ದದ್ದು ಟಿಣ್ ಅನ್ನತ್ತೆ. ನಂದು ಏಳು ಸ್ಪೋಕ್ ಟಕ್, ಟಕ್ ಅಂದವು, ಬೆರಳಲ್ಲಿ ಆಡಿಸಬಹುದಿತ್ತು. ಸ್ಪೋಕನ್ನ ರಿಮ್‌ಗೆ ಬಿಗಿಯೋ ನಟ್ಟು, ಅಂದ್ರೆ ನಿಪ್ಪಲ್ ಹತ್ರ ಆಗ್ಲೇ ಕಂದು ಬಣ್ಣದ ತುಕ್ಕು. ಸ್ಟೇನ್‌ಲೆಸ್ ಅಂತೆ! ಆಮೇಲೆ ಟೈರ್ ಎತ್ತಿದ್ರು. ಹೆಂಡತಿ ಫೋನ್ ಟಾರ್ಚ್ ಹಿಡ್ಕೊಂಡಿದ್ಲು. ಒಳಗೆ ಕಿಟಕಿ ಸಂದಿಗೆ ಬಳಿಯೋ ಸಿಲಿಕಾನ್ ಮೆತ್ತಿ, ಮೇಲೆ ಟೇಪ್ ಸುತ್ತಿದಾರೆ. ಸ್ಪೋಕ್ ಅಲುಗಾಡಿದ ಕಡೆಯೆಲ್ಲ ಸಿಲಿಕಾನ್ ಹರಿದು ಗಾಳಿ ಹೋಗಿದೆ. ಟೇಪ್ ಕಿತ್ತರೆ ಅಡಿಯಲ್ಲಿ ತುಕ್ಕಿನ ಚಕ್ಕೆ, ಅದರ ಮೇಲೇ ಪೇಂಟ್. ಅವರು ಮಾತಾಡದೆ ಅಯಸ್ಕಾಂತದ ತುದಿ ಇರೋ ಸ್ಕ್ರೂಡ್ರೈವರ್ ತಂದು ರಿಮ್‌ಗೆ ತಾಗಿಸಿದ್ರು. ಟಪ್ ಅಂತ ಹಿಡ್ಕೊಂಡ್ತು. ಮುಂದಿನ ರಿಮ್‌ಗೂ ಹಿಡ್ಕೊಂಡ್ತು.

"ಅಲ್ಯೂಮಿನಿಯಂ ಎಲ್ಲಿಂದ ಬಂತು ಮಾರಾಯ್ರೆ, ಇದು ಯಾವುದೋ ಹಳೇ ಕಬ್ಬಿಣದ ರಿಮ್" ಅಂದ್ರು.

ಹೆಂಡತಿ ನನ್ನ ಮುಖ ನೋಡಿದ್ಲು, ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಅವರೇ ತೋರಿಸಿದ ಇನ್ನೊಂದು ವಿಷಯ. ಟ್ಯೂಬ್‌ಲೆಸ್‌ಗೆ ಮಾಡಿದ ರಿಮ್‌ನಲ್ಲಿ ಟೈರಿನ ಅಂಚು ಕೂರೋ ಜಾಗದಲ್ಲಿ ಒಂದು ಉಬ್ಬು ಇರತ್ತೆ, ಗಾಳಿ ಕಮ್ಮಿ ಆದ್ರೂ ಟೈರ್ ಒಳಗೆ ಜಾರಬಾರದು ಅಂತ. ಇದರಲ್ಲಿ ಆ ಉಬ್ಬೇ ಇಲ್ಲ. ಸೀಲ್ ಎಷ್ಟೇ ಚೆನ್ನಾಗಿ ಮಾಡಿದ್ರೂ ಈ ರಿಮ್ ಟ್ಯೂಬ್‌ಲೆಸ್‌ಗೆ ಆಗಲ್ಲ. ಇದು ಆ ಅಂಗಡಿಯವನಿಗೆ ಗೊತ್ತಿಲ್ಲದೆ ಇರತ್ತಾ? ಚಕ್ರ ಕಟ್ಟೋದೇ ಅವನ ಕಸುಬು!

ನಿಪ್ಪಲ್‌ನಿಂದ ಹೊರಗೆ ಚಾಚಿದ್ದ ಸ್ಪೋಕ್ ತುದಿಗಳನ್ನ ಉಜ್ಜಿ, ಹಳೇ ಟ್ಯೂಬ್ ಕತ್ತರಿಸಿ ಪಟ್ಟಿ ಹಾಕಿ, ಬೇರೆ ಟ್ಯೂಬ್ ಕೂರಿಸಿ, ಕಡ್ಡಿ ಬಿಗಿ ಮಾಡಿಕೊಟ್ರು. ಟ್ಯೂಬ್ ದುಡ್ಡು ಬಿಟ್ಟು 350 ತಗೊಂಡ್ರು. ಧರ್ಮಸ್ಥಳ ಆಗಲಿಲ್ಲ. ಐವತ್ತರ ಮೇಲೆ ಹೋಗದೆ ಹಾಸನದ ಮೇಲೆ ವಾಪಸ್.

ಈಗ ಅಂಗಡಿಯವನ ಉತ್ತರಗಳು. ಮೊದಲ ದಿನ: "ನೀವು ಆಫ್‌ರೋಡ್ ಓಡಿಸಿರ್ತೀರ ಸರ್." ಬೇಲೂರು ರಸ್ತೆ ಆಫ್‌ರೋಡಾ? ಎರಡನೇ ದಿನ: "ಸ್ಪೋಕ್ ಸೆಟ್ ಆಗೋಕೆ ಟೈಮ್ ಬೇಕು, 500 ಕಿಲೋಮೀಟರ್‌ಗೆ ಟೈಟ್ ಮಾಡಿಸಬೇಕಿತ್ತು." ಹೊಸದಾಗಿ ಕಟ್ಟಿದ ಚಕ್ರನ ಮತ್ತೆ ಬಿಗಿ ಮಾಡಿಸಬೇಕು ಅನ್ನೋದು ನಿಜ. ಹಾಗಾದ್ರೆ ಗಾಡಿ ಕೊಡೋವಾಗ ಹೇಳಬೇಕಿತ್ತಲ್ಲ? ಅಯಸ್ಕಾಂತದ ವಿಡಿಯೋ ಕಳಿಸಿದೆ. ನೀಲಿ ಟಿಕ್ ಬಂತು, ನಾಲ್ಕು ಗಂಟೆ ಆದ್ಮೇಲೆ ಒಂದೇ ಸಾಲು: "ಬಿಲ್ ಇದ್ಯಾ ಸರ್?"

ಬಿಲ್ ಇದ್ಯಾ ಸರ್! ಬಿಲ್ ಬೇಡ ಅಂತ ತಲೆಗೆ ತುಂಬಿದವನೇ ಅವನು!

ಚಕ್ರ ಕಟ್ಟಿಸೋರು ಬರೀ ರಿಮ್ಮನ್ನ ಕೈಯಲ್ಲಿ ಹಿಡಿದು ನೋಡಿ, ಅಲ್ಯೂಮಿನಿಯಂ ಅಂದ್ರೆ ಅಯಸ್ಕಾಂತ ಇಟ್ಟು ನೋಡಿ. ಟೈರ್ ಹಾಕೋ ಮುಂಚೆ ಚಕ್ರ ತಿರುಗಿಸಿ ಔಟ್ ಎಷ್ಟಿದೆ, ಅಂದ್ರೆ ರಿಮ್ ಎಷ್ಟು ಓಲಾಡತ್ತೆ ಅಂತ ಅಳೆಯೋ ಡಯಲ್ ಗೇಜ್‌ನಲ್ಲಿ ತೋರಿಸಿ ಅನ್ನಿ, 2 ಮಿಲಿಮೀಟರ್ ಮೇಲಿದ್ರೆ ಒಪ್ಪಬೇಡಿ. ಹಳೇ ರಿಮ್ ಮನೆಗೆ ತನ್ನಿ, ಗುಜರಿಗೆ ಹಾಕೋದಾದ್ರೆ ನೀವೇ ಹಾಕಿ. ಬಿಲ್ ಕೊಡದವನ ಹತ್ರ ಗಾಡಿ ಬಿಡಲೇಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ, ದುಡ್ಡು ಹೋದ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು ಎಲ್ಲಾ ಇಟ್ಟಿದೀನಿ. ದುಡ್ಡು ಬರತ್ತೋ ಇಲ್ವೋ. ನಂಗೆ ನನ್ನ ಮುಂದಿನ ರಿಮ್ ವಾಪಸ್ ಬೇಕು. ಶನಿವಾರ ಮತ್ತೆ ಅಂಗಡಿಗೆ ಹೋಗ್ತಿದೀನಿ, ಈ ಸಲ ಹೆಂಡತಿನೂ ಬರ್ತಾಳಂತೆ.