ಒಂದೇ ಸಿನಿಮಾ, ನಾಲ್ಕು ಅವತಾರ: ಲೇಸರ್‌ಡಿಸ್ಕ್ ಜೊತೆ ಮೂರು ವಾರ

ಲೇಸರ್‌ಡಿಸ್ಕ್ ಅಂದರೆ ಕ್ಯಾಸೆಟ್ ಕಾಲದಲ್ಲಿ ಮನೆಯಲ್ಲಿ ಸಿನಿಮಾ ನೋಡೋಕೆ ಬಂದ ತಟ್ಟೆ. ಅದನ್ನು ಮೊದಲ ಸಲ ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಇದೇನು, ಹಳೇ ಹಾಡಿನ ರೆಕಾರ್ಡಾ?" ಅಳತೆ ಹೆಚ್ಚುಕಮ್ಮಿ ಅದೇ. 30 ಸೆಂಟಿಮೀಟರ್ ಅಗಲ. ಆದರೆ ಮೈಯೆಲ್ಲ ಸಿಡಿ ಥರ ಹೊಳೆಯುತ್ತದೆ. ಕೈಗೆತ್ತಿಕೊಂಡರೆ ಭಾರ ಗೊತ್ತಾಗುತ್ತದೆ. ಯಾಕಂದ್ರೆ ಅದು ಒಂದು ತಟ್ಟೆಯಲ್ಲ, ಬೆನ್ನಿಗೆ ಬೆನ್ನು ಹಚ್ಚಿ ಅಂಟಿಸಿದ ಎರಡು ತಟ್ಟೆ.

ಪರಿಚಯದವರೊಬ್ಬರು ಮನೆ ಬದಲಿಸುವಾಗ ಒಂದು ಪ್ಲೇಯರನ್ನೂ ಹನ್ನೊಂದು ಡಿಸ್ಕ್‌ಗಳನ್ನೂ ನನ್ನ ತಲೆಗೆ ಕಟ್ಟಿ ಹೋದರು. ನೋಡಿದರೆ ಅದರಲ್ಲಿದ್ದ ಒಂದು ಸಿನಿಮಾ ನನ್ನ ಹತ್ತಿರ ವಿಎಚ್‌ಎಸ್ ಕ್ಯಾಸೆಟ್, ವಿಸಿಡಿ, ಡಿವಿಡಿ ಮೂರರಲ್ಲೂ ಇತ್ತು. ಇಂಥ ಯೋಗ ಬಂದಮೇಲೆ ಸುಮ್ನೆ ಕೂರೋಕಾಗುತ್ತಾ? ಮೂರು ವಾರ, ರಾತ್ರಿ ಎಲ್ಲರ ಊಟ ಆದಮೇಲೆ, ಅದೇ ಸಿನಿಮಾ, ಅದೇ ದೃಶ್ಯಗಳು. ಒಂದು ಟಿವಿ ಹೊಸ ಚಪ್ಪಟೆಯದು, ಇನ್ನೊಂದು ಬೆನ್ನು ಉಬ್ಬಿದ ಹಳೆಯ ಪಿಕ್ಚರ್ ಟ್ಯೂಬಿನದು. ಈ ಎರಡನೇ ಟಿವಿಯೇ ಕೊನೆಗೆ ನನ್ನ ತೀರ್ಪನ್ನು ಅರ್ಧ ತಿರುಗಿಸಿಬಿಟ್ಟಿತು.

ಲೇಸರ್‌ಡಿಸ್ಕ್ ಬಂದದ್ದು ಸಿಡಿಗಿಂತ ಆಮೇಲೆ ಅಂತ ನಾನು ಎಷ್ಟೋ ವರ್ಷ ತಿಳಿದಿದ್ದೆ. ತಪ್ಪು. ಫಿಲಿಪ್ಸ್ ಮತ್ತು ಎಂಸಿಎ ಕಂಪನಿಗಳು ಸೇರಿ ಅದನ್ನು ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕಿಟ್ಟದ್ದು 1978ರ ಡಿಸೆಂಬರಿನಲ್ಲಿ. ವಿಎಚ್‌ಎಸ್‌ಗಿಂತ ಎರಡೇ ವರ್ಷ ಚಿಕ್ಕದು. ಸಿಡಿ ಬಂದದ್ದು 1982ಕ್ಕೆ. ಇನ್ನೊಂದು ತಪ್ಪು ತಿಳಿವಳಿಕೆ: ಹೊಳೆಯುತ್ತದೆ, ಲೇಸರ್ ಇದೆ, ಅಂದಮೇಲೆ ಡಿಜಿಟಲ್ ಇರಬೇಕು. ಅಲ್ಲ. ಡಿಸ್ಕಿನ ಮೇಲಿನ ಸಣ್ಣ ಸಣ್ಣ ಗುಳಿಗಳ ಉದ್ದ ಮತ್ತು ಅಂತರದಲ್ಲೇ ಚಿತ್ರ ಅಡಗಿದೆ, ಸೊನ್ನೆ ಒಂದರ ಲೆಕ್ಕದಲ್ಲಲ್ಲ. ಲೇಸರ್ ಓದಿದರೂ ಚಿತ್ರ ಪೂರ್ತಿ ಅನಲಾಗ್.

ಮೊದಲು ಕೂತು ನೋಡುವ ಸುಖದ ಮಾತು. ಇಲ್ಲಿ ಲೇಸರ್‌ಡಿಸ್ಕ್ ನೆಲ ಕಚ್ಚಿತು. ನಮ್ಮ ಸಿನಿಮಾ 2 ಗಂಟೆ 4 ನಿಮಿಷದ್ದು. ಡಿಸ್ಕಿನ ಒಂದು ಮಗ್ಗುಲಿಗೆ ಹಿಡಿಸುವುದು ಹೆಚ್ಚೆಂದರೆ 60 ನಿಮಿಷ. ಎರಡು ಮಗ್ಗುಲಿಗೆ 120. ಉಳಿದ 4 ನಿಮಿಷಕ್ಕಾಗಿ ಇನ್ನೊಂದು ಡಿಸ್ಕ್! ಮೊದಲ ಮಗ್ಗುಲು ಮುಗಿಯುವುದು ಇಬ್ಬರು ಜಗಳ ಆಡುತ್ತಿರುವ ದೃಶ್ಯದಲ್ಲಿ. ಅವನು ಬಾಯಿ ತೆರೆದ, ಪರದೆ ಖಾಲಿ. ಪ್ಲೇಯರಿನ ಒಳಗೆ ತಿರುಗುವುದು ನಿಧಾನವಾಗುವ ಸದ್ದು, ಗಕ್ ಅಂತ ಒಂದು ಶಬ್ದ, ಆಮೇಲೆ ಲೇಸರ್ ಇರುವ ತಲೆ ಯು ಆಕಾರದ ಹಳಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಸರಿಯುವ ಕಿರ್ರ್. ಹತ್ತು ಹದಿನೈದು ಸೆಕೆಂಡು. ಮಗಳು ಎದ್ದು ನಿಂತು, "ಅಪ್ಪಾ, ಸಿನಿಮಾ ಮುಗೀತಾ?" ಅಂದಳು. ಹೀಗೆ ತಾನೇ ಮಗ್ಗುಲು ಬದಲಿಸದ ಪ್ಲೇಯರುಗಳಲ್ಲಿ ಎದ್ದು ಹೋಗಿ ಕೈಯಾರೆ ತಿರುವಿ ಹಾಕಬೇಕಿತ್ತು.

ವಿಸಿಡಿಯದೂ ಹೆಚ್ಚು ಬೇರೆ ಕಥೆಯಲ್ಲ, 74 ನಿಮಿಷಕ್ಕೆ ಒಂದು ಡಿಸ್ಕ್, ನಡುವೆ ಏಳಲೇಬೇಕು. ಡಿವಿಡಿಯಲ್ಲಿ ಇಡೀ ಸಿನಿಮಾ ಒಂದೇ ಬದಿಯಲ್ಲಿ. ಆದರೆ ಈ ಪರೀಕ್ಷೆಯಲ್ಲಿ ನನಗೆ ಇಷ್ಟವಾದದ್ದು ವಿಎಚ್‌ಎಸ್. ಅರ್ಧಕ್ಕೆ ನಿಲ್ಲಿಸಿ ಕ್ಯಾಸೆಟ್ ತೆಗೆದು ಇನ್ನೊಬ್ಬರ ಮನೆಯಲ್ಲಿ ಹಾಕಿದರೂ ನಿಂತಲ್ಲಿಂದಲೇ ಶುರು. ನೆನಪಿಟ್ಟುಕೊಳ್ಳೋದು ಯಂತ್ರ ಅಲ್ಲ, ಕ್ಯಾಸೆಟ್ಟೇ. ಅದಕ್ಕಿಂತ ದೊಡ್ಡದು, ಅದರಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಬಹುದಿತ್ತು. ಲೇಸರ್‌ಡಿಸ್ಕ್‌ನಲ್ಲಿ ಮನೆಯವರು ಏನನ್ನೂ ರೆಕಾರ್ಡ್ ಮಾಡುವಂತಿರಲಿಲ್ಲ. ಚಿತ್ರ ಎಷ್ಟು ಚೆನ್ನಾಗಿದ್ದರೂ ಅದು ಮನೆಮನೆಗೆ ಹೋಗದ್ದಕ್ಕೆ ಇದೇ ಮೊದಲ ಕಾರಣ ಅಂತ ನನಗನ್ನಿಸುತ್ತದೆ.

ಹಾಗಾದರೆ ಚಿತ್ರ? ರಾತ್ರಿ ಮಳೆಯಲ್ಲಿ ಒಬ್ಬಳು ಕೊಡೆ ಹಿಡಿದು ಬೀದಿ ದಾಟುವ ದೃಶ್ಯವನ್ನು ಆರಿಸಿಕೊಂಡೆ. ಕತ್ತಲು, ಮಳೆ, ಹೊಗೆ, ಮೂರೂ ಇವೆ.

ವಿಎಚ್‌ಎಸ್‌ನಲ್ಲಿ ಕೊಡೆಯ ಕೆಂಪು ಬಣ್ಣ ಅಂಚು ದಾಟಿ ಹರಿದಿತ್ತು. ಮುಖ ಅಂದಾಜು ಮಾಡಿಕೊಳ್ಳಬೇಕು. ವಿಸಿಡಿಯಲ್ಲಿ ಮಳೆಯೇ ಇಲ್ಲ! ಇಡೀ ಪರದೆಗೆ 352×240 ಚುಕ್ಕಿ, ಸೆಕೆಂಡಿಗೆ 1150 ಕಿಲೋಬಿಟ್, ಅಷ್ಟರಲ್ಲಿ ಒಂದೊಂದು ಹನಿಯನ್ನೂ ತೋರಿಸೋದು ಎಲ್ಲಿಂದ? ಹನಿಗಳ ಜಾಗದಲ್ಲಿ ಚೌಕ ಚೌಕವಾಗಿ ನಡುಗುವ ಕತ್ತಲು. ಇವೆರಡರ ಮಾತು ಸಾಕು.

ನಿಜವಾದ ಜಟಾಪಟಿ ಲೇಸರ್‌ಡಿಸ್ಕ್ ಮತ್ತು ಡಿವಿಡಿ ನಡುವೆ. ಚಪ್ಪಟೆ ಟಿವಿಯಲ್ಲಿ ಡಿವಿಡಿ ಮುಂದೆ ಲೇಸರ್‌ಡಿಸ್ಕ್ ಮಂಕಾಗಿ, ತುಸು ಕೊಳಕಾಗಿ ಕಂಡಿತು. ನಾಯಕನ ಸಣ್ಣ ಚೌಕುಳಿ ಕೋಟಿನ ಮೇಲೆ ಇಲ್ಲದ ಕಾಮನಬಿಲ್ಲು ಓಡಾಡುತ್ತಿತ್ತು. ಲೇಸರ್‌ಡಿಸ್ಕ್‌ನಲ್ಲಿ ಬಣ್ಣವೂ ಬೆಳಕೂ ಒಂದೇ ಸಿಗ್ನಲ್‌ನಲ್ಲಿ ಬೆರೆತಿರುತ್ತವೆ. ಅವನ್ನು ಬೇರೆ ಮಾಡುವ ಕೆಲಸ ಟಿವಿಗೆ ಬಿದ್ದಾಗ ಹೊಸ ಟಿವಿ ಎಡವುತ್ತದೆ. ಡಿವಿಡಿಯಲ್ಲಿ ಎರಡೂ ಮೊದಲೇ ಬೇರೆಬೇರೆ. ಇಲ್ಲಿಗೆ ಮುಗಿಯಿತು, ಡಿವಿಡಿ ಗೆದ್ದಿತು ಅಂತ ನೋಟ್‌ಬುಕ್‌ನಲ್ಲಿ ಬರೆದೂ ಆಗಿತ್ತು.

ಮಾರನೇ ದಿನ ಅದೇ ದೃಶ್ಯವನ್ನು ಹಳೆಯ ಟ್ಯೂಬ್ ಟಿವಿಯಲ್ಲಿ ಹಾಕಿದೆ. ಬರೆದದ್ದನ್ನು ಹೊಡೆದುಹಾಕಬೇಕಾಯಿತು. ಲೇಸರ್‌ಡಿಸ್ಕ್‌ನಲ್ಲಿ ಕತ್ತಲು ನಿಜವಾಗಿ ಕತ್ತಲಾಗಿತ್ತು. ಬೀದಿದೀಪದ ಸುತ್ತಲಿನ ಮಂಜು ಬೆಳಕಿನಿಂದ ಕತ್ತಲೆಗೆ ಎಲ್ಲೂ ಮೆಟ್ಟಿಲು ಬೀಳದೆ ಕರಗುತ್ತಿತ್ತು. ಅದೇ ಜಾಗದಲ್ಲಿ ಡಿವಿಡಿ ಉಂಗುರ ಉಂಗುರವಾಗಿ ಒಡೆಯುತ್ತಿತ್ತು. ಲೆಕ್ಕಕ್ಕೆ ಹೇಳೋದಾದರೆ ವಿಎಚ್‌ಎಸ್ ಸುಮಾರು 240 ಗೆರೆಯಷ್ಟು ವಿವರ ಕೊಟ್ಟರೆ ಲೇಸರ್‌ಡಿಸ್ಕ್ ಸುಮಾರು 425 ಕೊಡುತ್ತದೆ. ಡಿವಿಡಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಆ ಟಿವಿಯಲ್ಲಿ ಆ ಸ್ವಲ್ಪ ಕಾಣಲೇ ಇಲ್ಲ. ಕೋಟಿನ ಕಾಮನಬಿಲ್ಲು ಮಾತ್ರ ಇಲ್ಲೂ ಇತ್ತು, ಕಡಿಮೆ ಇತ್ತು ಅಷ್ಟೆ.

ಶಬ್ದದ ವಿಷಯದಲ್ಲಿ ಕಾಗದದ ಮೇಲೆ ಲೇಸರ್‌ಡಿಸ್ಕ್ ರಾಜ. 1980ರ ದಶಕದ ಮಧ್ಯದಲ್ಲಿ ಅದಕ್ಕೆ ಡಿಜಿಟಲ್ ಧ್ವನಿ ಸೇರಿತು, ಥೇಟ್ ಸಿಡಿಯದ್ದೇ, ಒಂದಿಷ್ಟೂ ಅಮುಕದ್ದು. ಸೆಕೆಂಡಿಗೆ 1411 ಕಿಲೋಬಿಟ್. ಡಿವಿಡಿಯ ಡಾಲ್ಬಿ ಟ್ರ್ಯಾಕ್, ಅಂದರೆ ಅಮುಕಿದ ಧ್ವನಿ, ಸಾಮಾನ್ಯವಾಗಿ 384 ಅಥವಾ 448. ಇದನ್ನು ಹೇಳಿಕೊಂಡು ಬೀಗುವವರು ಬಹಳ. ನಾನೂ ಬೀಗಿದ್ದೆ. ಮಗಳನ್ನು ಟಿವಿಗೆ ಬೆನ್ನು ಮಾಡಿ ಕೂರಿಸಿ, ಯಾವುದು ಯಾವುದು ಅಂತ ಹೇಳದೆ ಪಿಯಾನೊ ಇರುವ ಒಂದು ಭಾಗವನ್ನು ಆರು ಸಲ ಕೇಳಿಸಿದೆ. ಮೂರು ಸಲ ಸರಿ, ಮೂರು ಸಲ ತಪ್ಪು. ಆಮೇಲೆ ನಾನು ಕೂತೆ. ನನ್ನದೂ ಅಷ್ಟೇ.

ಇನ್ನೊಂದು ಗುಣ ಹೇಳದಿದ್ದರೆ ಅನ್ಯಾಯ. ಡಿಸ್ಕಿನಲ್ಲಿ ಡಿಜಿಟಲ್ ಧ್ವನಿಯ ಜೊತೆಗೆ ಹಳೆಯ ಅನಲಾಗ್ ಟ್ರ್ಯಾಕ್‌ಗಳೂ ಇರುತ್ತವೆ. ಅಲ್ಲಿ ಬೇರೆ ಮಾತು ತುಂಬಬಹುದು. ಸಿನಿಮಾ ಓಡುತ್ತಿರುವಾಗಲೇ ಅದರ ಬಗ್ಗೆ ತಿಳಿದವರು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸುವ ಆ ವ್ಯಾಖ್ಯಾನ, ನಾವು ಡಿವಿಡಿಯ ಕೊಡುಗೆ ಅಂದುಕೊಂಡದ್ದು, 1984ರಲ್ಲಿ ಕ್ರೈಟೀರಿಯನ್ ಸಂಸ್ಥೆಯ ಲೇಸರ್‌ಡಿಸ್ಕ್‌ನಲ್ಲೇ ಬಂದಿತ್ತು.

ಈಗ ನನಗೆ ತೀರಾ ಇಷ್ಟವಾದ ಪರೀಕ್ಷೆ. ಮೊದಲ ಎರಡು ಮಗ್ಗುಲನ್ನು ಪೂರ್ತಿ ತುಂಬದೆ, ನಮ್ಮ ಸಿನಿಮಾದ ಕೊನೆಯ ಹತ್ತು ನಿಮಿಷವನ್ನು ಎರಡನೇ ಡಿಸ್ಕಿಗೆ, ಅಂದರೆ ಮೂರನೇ ಮಗ್ಗುಲಿಗೆ ಹಾಕಿದ್ದಾರೆ. ಜಾಗ ಧಾರಾಳ ಇದ್ದದ್ದರಿಂದ ಅದನ್ನು ಸಿಎವಿ ಎಂಬ ಬೇರೆ ಬಗೆಯಲ್ಲಿ ಅಚ್ಚು ಹಾಕಿದ್ದಾರೆ. ಇದರಲ್ಲಿ ಮಗ್ಗುಲಿಗೆ 30 ನಿಮಿಷವಷ್ಟೇ. ಆದರೆ ಡಿಸ್ಕ್ ನಿಮಿಷಕ್ಕೆ ಸುಮಾರು 1800 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 30. ಒಂದು ಸುತ್ತಿಗೆ ಒಂದೇ ಫ್ರೇಮ್, ಅಂದರೆ ಒಂದು ಬಿಡಿ ಚಿತ್ರ. ಪಾಸ್ ಒತ್ತಿದರೆ ಲೇಸರ್ ಅದೇ ಸುತ್ತನ್ನು ಮತ್ತೆ ಮತ್ತೆ ಓದುತ್ತಾ ನಿಲ್ಲುತ್ತದೆ. ಬೇರೇನೂ ಬೇಕಾಗಿಲ್ಲ.

ಕ್ಲೈಮ್ಯಾಕ್ಸ್‌ನಲ್ಲಿ ಗಾಜಿನ ಲೋಟವೊಂದು ಮೇಜಿನಿಂದ ಉರುಳುತ್ತದೆ. ಲೇಸರ್‌ಡಿಸ್ಕ್‌ನಲ್ಲಿ ರಿಮೋಟ್ ಒತ್ತುತ್ತಾ ಹಿಂದಕ್ಕೆ ಹೋದೆ. ಒಂದು ಒತ್ತು, ಒಂದು ಫ್ರೇಮ್. ಚೂರುಗಳು ನೆಲದಿಂದ ಎದ್ದವು, ಕೂಡಿದವು, ಲೋಟವಾಗಿ ಮೇಜು ಹತ್ತಿದವು. ಪ್ರತಿ ಫ್ರೇಮೂ ಕೊರೆದಿಟ್ಟ ಹಾಗೆ ಸ್ಪಷ್ಟ. ಡಿವಿಡಿಯಲ್ಲಿ ಮುಂದಕ್ಕೆ ಹೋಗೋದು ಸಲೀಸು. ಹಿಂದಕ್ಕೆ ಒತ್ತಿದರೆ ನನ್ನ ಪ್ಲೇಯರ್ ಅರ್ಧ ಸೆಕೆಂಡಿನಷ್ಟು ಹಾರಿ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ತಿ ಚಿತ್ರವೇ ಅಲ್ಲ, ಅಕ್ಕಪಕ್ಕದ್ದಕ್ಕಿಂತ ಏನು ಬದಲಾಗಿದೆ ಅನ್ನುವ ಟಿಪ್ಪಣಿ ಮಾತ್ರ. ವಿಎಚ್‌ಎಸ್‌ನಲ್ಲಿ ಪಾಸ್ ಅಂದರೆ ಪರದೆಗೆ ಅಡ್ಡಲಾಗಿ ಬಿಳಿ ಪಟ್ಟೆ. ಲೇಸರ್‌ಡಿಸ್ಕ್ ಅಂತ ಹೊಗಳುವಾಗ ಒಂದು ಮಾತು ಸೇರಿಸಲೇಬೇಕು: ಮೊದಲ ಎರಡು ಮಗ್ಗುಲಿನಲ್ಲಿ, ಅಂದರೆ 60 ನಿಮಿಷದ ಬಗೆಯಲ್ಲಿ, ನನ್ನ ಪ್ಲೇಯರ್ ಪಾಸ್ ಒತ್ತಿದರೆ ಬರೀ ನೀಲಿ ಪರದೆ ತೋರಿಸುತ್ತದೆ.

ಬಾಳಿಕೆ ಬಗ್ಗೆ ಯಾರಿಗೂ ಪೂರ್ತಿ ಅಂಕ ಕೊಡಲಾರೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ವಿಸಿಡಿ ಒಂದು ಗೀರಿಗೆ ತೊದಲುತ್ತಿತ್ತು. ಲೇಸರ್‌ಡಿಸ್ಕ್ ಗೀರನ್ನು ಸಾಕಷ್ಟು ಸಹಿಸುತ್ತದೆ, ಆದರೆ ರೋಗ ಒಳಗಿನದು. ಅಂಟು ಸರಿಯಿಲ್ಲದಿದ್ದರೆ ಒಳಗಿನ ಅಲ್ಯೂಮಿನಿಯಂ ಪದರ ಕಿಲುಬು ಹಿಡಿಯುತ್ತದೆ, ಪರದೆ ಮೇಲೆ ಬಣ್ಣಬಣ್ಣದ ಚುಕ್ಕಿಗಳ ಮಳೆ ಶುರುವಾಗುತ್ತದೆ. ಇದನ್ನು ಲೇಸರ್ ರಾಟ್ ಅಂತಾರೆ. ಬಂದ ಹನ್ನೊಂದರಲ್ಲಿ ಎರಡಕ್ಕೆ ತಗುಲಿದೆ. ಮದ್ದಿಲ್ಲ.

ಪಯೋನಿಯರ್ ಕಂಪನಿ 2009ರ ಜನವರಿಯಲ್ಲಿ ಪ್ಲೇಯರ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಇದ್ದದ್ದನ್ನು ರಿಪೇರಿ ಮಾಡಿಕೊಂಡು ಸಾಗಬೇಕು.

ಸಿನಿಮಾ ನೋಡೋಕೆ ಅಂತ ಕೇಳಿದರೆ ಡಿವಿಡಿಯನ್ನೇ ಹಾಕಿ ಅಂತೀನಿ, ಮುಲಾಜಿಲ್ಲದೆ. ಕ್ಯಾಸೆಟ್ ಮತ್ತು ವಿಸಿಡಿ ಅಟ್ಟಕ್ಕೆ ಹೋದವು. ಲೇಸರ್‌ಡಿಸ್ಕ್ ಮಾತ್ರ ಟ್ಯೂಬ್ ಟಿವಿ ಪಕ್ಕದಲ್ಲಿದೆ, ಮೂರನೇ ಮಗ್ಗುಲು ಮೇಲಾಗಿ. ಆ ಟಿವಿ ಈಚೆಗೆ ಆನ್ ಮಾಡಿದಾಗ ಹಸಿರಾಗಿ ಶುರುವಾಗಿ, ಎರಡು ನಿಮಿಷದ ಮೇಲೆ ಸರಿಹೋಗುತ್ತದೆ. ಮೊನ್ನೆ ನಾಲ್ಕು ನಿಮಿಷ ತಗೊಂಡಿತು.