ಹೊಳೆ ಬದಿಯ ಹೋಂಸ್ಟೇಯ ಕ್ಯಾಂಪ್‌ಫೈರ್: ಹಚ್ಚಿದ್ದು ಸರಿ, ಆರಿಸಿದ್ದು ಸರಿಯಲ್ಲ

ಉಡುಪಿಯ ಕೆಮ್ಮಣ್ಣು ಕಡೆ, ಸ್ವರ್ಣಾ ನದಿಯ ದಡದಲ್ಲಿರುವ ಒಂದು ಹೋಂಸ್ಟೇಯಲ್ಲಿ ಜನವರಿಯ ಒಂದು ರಾತ್ರಿ ಮನೆಮಂದಿಯೆಲ್ಲ ತಂಗಿದ್ದೆವು. ಊಟಕ್ಕೂ ಕೋಣೆಗೂ ಕೊರತೆಯಿರಲಿಲ್ಲ. ನಾನು ಬರೆಯಬೇಕೆಂದಿರುವುದು ಅಲ್ಲಿನ ಕ್ಯಾಂಪ್‌ಫೈರ್ ಬಗ್ಗೆ; ದಪ್ಪ ಕೊರಡುಗಳ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರುವ ಜಾಗಗಳನ್ನು ಕಂಡು ಬೇಸತ್ತಿದ್ದ ನನಗೆ ಇಲ್ಲಿ ಬೆಂಕಿ ಹಾಕಲು ಬಲ್ಲವರು ಸಿಕ್ಕರು.

ಅಲ್ಲಿನ ಹಿರಿಯರೊಬ್ಬರು ಒಣಗಿದ ತೆಂಗಿನ ಸಿಪ್ಪೆಯ ನಾರನ್ನು ಬೆರಳಿನಿಂದ ಬಿಡಿಸಿ, ಹಕ್ಕಿಗೂಡಿನ ಹಾಗೆ ಸಡಿಲವಾಗಿ ಇಟ್ಟರು. ಅದರ ಮೇಲೆ ತೆಂಗಿನ ಮಡಲಿನ ಗರಿ, ಬೆರಳು ಗಾತ್ರದ ಕಡ್ಡಿಗಳು, ಸೀಳಿದ ಕೊತ್ತಳಿಗೆ (ಮಡಲಿನ ದಪ್ಪ ಬುಡ), ಕೊನೆಗೆ ಗಾಳಿಮರದ ಸೌದೆ. ಒಂದೇ ಕಡ್ಡಿಗೆ ಹೊತ್ತಿತು. ಈ ಕ್ರಮದ ಹಿಂದೆ ಗಟ್ಟಿಯಾದ ವಿಜ್ಞಾನವಿದೆ: ಸೌದೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಾಗ ಅದರಿಂದ ಹೊರಡುವ ಅನಿಲಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುವುದನ್ನೇ ನಾವು ಜ್ವಾಲೆ ಎನ್ನುತ್ತೇವೆ. ನಾರಿನ ತೂಕ ಕಡಿಮೆ, ಗಾಳಿಗೆ ತೆರೆದ ಮೈ ಹೆಚ್ಚು. ಹಾಗಾಗಿ ಕಡ್ಡಿಯ ಅಲ್ಪ ಶಾಖಕ್ಕೇ ಅದು ಅಷ್ಟು ಬಿಸಿಯಾಗುತ್ತದೆ. ದಪ್ಪ ಸೌದೆಯಾದರೋ ಆ ಶಾಖವನ್ನೆಲ್ಲ ಹೀರಿಕೊಂಡು ತಣ್ಣಗೇ ಉಳಿಯುತ್ತದೆ.

ನಡುವೆ ಒಂದು ಹಸಿ ಸೌದೆ ಸೇರಿಕೊಂಡಿತು. ಅದರ ಕಡಿದ ತುದಿಯಲ್ಲಿ ನೊರೆ ಬಂದು ಚುಸ್ಸೆಂದಿತು, ಹೊಗೆ ಮಕ್ಕಳ ಕಣ್ಣಿಗೆ ನುಗ್ಗಿತು. ಕುದಿಯುವ ಒಂದು ಕಿಲೋ ನೀರು ಪೂರ್ತಿ ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಆ ಖರ್ಚನ್ನು ಬೆಂಕಿಯೇ ಭರಿಸಬೇಕಾದ್ದರಿಂದ ಉರಿ ಕುಗ್ಗಿ, ಪೂರ್ತಿ ಸುಡದ ಅನಿಲ ಮತ್ತು ಟಾರಿನ ಹನಿಗಳು ಹೊಗೆಯಾಗಿ ಹೊರಬರುತ್ತವೆ. ಹಿರಿಯರು ಬೀಸಣಿಗೆ ಹುಡುಕಲಿಲ್ಲ. ಆ ಸೌದೆಯನ್ನು ಎಳೆದು ಬೆಂಕಿಯ ಪಕ್ಕದಲ್ಲೇ ಒಣಗಲು ಒರಗಿಸಿದರು. ಎರಡು ನಿಮಿಷದಲ್ಲಿ ಹೊಗೆ ನಿಂತಿತು.

ಎರಡು ಆಕ್ಷೇಪಗಳಿವೆ. ಬೆಂಕಿಯ ಸುತ್ತ ಹೊಳೆಯಿಂದ ಆಗಷ್ಟೇ ತಂದ ಉರುಟು ಕಲ್ಲುಗಳನ್ನು ಇಟ್ಟಿದ್ದರು. ಇಂಥ ಕಲ್ಲಿನ ಬಿರುಕುಗಳಲ್ಲಿ ಸೇರಿದ ನೀರು ಆವಿಯಾಗಿ ಹಿಗ್ಗಿದಾಗ ಕಲ್ಲು ಸಿಡಿಯಬಹುದು. ಮಕ್ಕಳು ಕೂರುವ ಜಾಗದಲ್ಲಿ ಇದು ಸಲ್ಲದು. ಇನ್ನೊಂದು, ಮಲಗುವ ಮುನ್ನ ನೀರು ಹಾಕದೆ ಬರೀ ಮರಳು ಮುಚ್ಚಿದ್ದು. ಮರಳು ಶಾಖವನ್ನು ಹಿಡಿದಿಡುತ್ತದೆ, ಕೆಂಡವನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ. ಬೆಳಿಗ್ಗೆ 6 ಗಂಟೆಗೆ ಕೋಲಿನಿಂದ ಕೆದಕಿದರೆ ಒಳಗೆ ಕೆಂಡ ಇನ್ನೂ ಕೆಂಪಗಿತ್ತು. ಮಾಲೀಕರಿಗೆ ತೋರಿಸಿದೆ, ಅವರು ಒಡನೆಯೇ ನಾಲ್ಕು ಕೊಡ ನೀರು ಸುರಿಸಿ, ಬೂದಿ ಕಲಕಿಸಿ, ತಣ್ಣಗಾಯಿತೇ ಎಂದು ಅಂಗೈ ಹಿಡಿದು ನೋಡಿದರು.